ಯಾವ ನರಕ ನ್ಯಾಯವಾದದ್ದು?

ಅಜ್ಜಿಯ ಬಾಯಲ್ಲಿ ಕುಂಭೀಪಾಕದ ಕಥೆ ಕೇಳಿ ಬೆಳೆದವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ: ಇಂಥ ಶಿಕ್ಷೆ ನ್ಯಾಯವೇ? ಯಾವ ನರಕ ಎಂದು ಮೊದಲು ಕೇಳಬೇಕು.

ಭಾಗವತದ ಐದನೇ ಸ್ಕಂಧದಲ್ಲಿ 28 ನರಕಗಳಿವೆ. ಪ್ರಾಣಿ ಪಕ್ಷಿಗಳನ್ನು ಜೀವಂತ ಬೇಯಿಸಿದವನನ್ನು ಯಮದೂತರು ಕುಂಭೀಪಾಕದ ಕುದಿಯುವ ಎಣ್ಣೆಗೆ ಹಾಕುತ್ತಾರೆ. ಮಾಡಿದ್ದುಣ್ಣೋ ಮಹಾರಾಯ ಅನ್ನುವ ಲೆಕ್ಕ. ಕ್ರೂರ ನಿಜ, ಆದರೆ ಅವಧಿ ಉಂಟು. ಮುಗಿದ ಮೇಲೆ ಮತ್ತೆ ಜನ್ಮ.

ಜೈನರಲ್ಲಿ ಏಳು ನರಕ, ನ್ಯಾಯಾಧೀಶನೇ ಇಲ್ಲ. ಕರ್ಮವೇ ಎಳೆದೊಯ್ಯುತ್ತದೆ. ಕನಿಷ್ಠ ಆಯುಷ್ಯವೇ 10,000 ವರ್ಷ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೂ ನನಗೆ ಹಿಡಿಸಿದ್ದು ಶ್ರೇಣಿಕನ ಕಥೆ. ಮಹಾವೀರನ ಭಕ್ತನಾಗಿದ್ದ ಮಗಧದ ಈ ರಾಜ ಹಳೆಯ ಕರ್ಮಕ್ಕಾಗಿ ಮೊದಲ ನರಕದಲ್ಲಿದ್ದಾನಂತೆ. ಕಾಲಚಕ್ರದ ಮುಂದಿನ ಅರ್ಧದಲ್ಲಿ ಅವನೇ ಮೊದಲ ತೀರ್ಥಂಕರ. ಭಕ್ತಿಗೆ ರಿಯಾಯಿತಿ ಇಲ್ಲ, ಪಾಪಕ್ಕೆ ಶಾಶ್ವತ ಹಣೆಪಟ್ಟಿಯೂ ಇಲ್ಲ.

ಮಧ್ವಾಚಾರ್ಯರ ಮತದಲ್ಲಿ ತಮೋಯೋಗ್ಯ ಜೀವರಿಗೆ, ಅಂದರೆ ಸ್ವಭಾವದಿಂದಲೇ ಕೆಟ್ಟವರಿಗೆ, ಅಂಧಂತಮಸ್ಸು ಎಂಬ ಕಗ್ಗತ್ತಲ ನರಕ ನಿತ್ಯ, ಹೊರಬರುವ ಬಾಗಿಲಿಲ್ಲ. ಜೀವದ ಸ್ವಭಾವ ಅನಾದಿ, ದೇವರು ಸೃಷ್ಟಿಸಿದ್ದಲ್ಲ, ಹಾಗಾಗಿ ಅವನಿಗೆ ಪಕ್ಷಪಾತದ ದೋಷ ತಟ್ಟದು ಎಂಬುದು ಸಮರ್ಥನೆ. ತರ್ಕ ಬಿಗಿಯಾಗಿಯೇ ಇದೆ. ಆದರೆ ಬದಲಾಗಲು ಸಾಧ್ಯವೇ ಇಲ್ಲದವನಿಗೆ ಶಿಕ್ಷೆ ಯಾಕೆ ಎಂಬಲ್ಲಿ ನಾನು ಪ್ರತಿಸಲವೂ ಎಡವುತ್ತೇನೆ.

ಬಸವಣ್ಣನವರಿಗೆ ಅನಾಚಾರವೇ ನರಕ, ಇಲ್ಲೇ, ಈಗಲೇ. ತೊಡಕು ಬೇರೆಯದು: ಅನಾಚಾರಿ ಸುಖವಾಗಿ ಗೊರಕೆ ಹೊಡೆಯುತ್ತಿದ್ದರೆ, ಅವನಿಂದ ನೊಂದವರ ಲೆಕ್ಕ ತೀರಿಸುವವರು ಯಾರು?

ಶಿಕ್ಷೆ ತಪ್ಪಬಾರದು, ಮುಗಿಯಲೂ ಬೇಕು ಎನ್ನುವವರು ಮೊದಲೆರಡನ್ನು ನೋಡಿ. ನನ್ನ ಓಟು ಶ್ರೇಣಿಕನ ನರಕಕ್ಕೆ.