ಸಾಕೆಟ್ ಜೋಡಿಸ್ಲಿಕ್ಕೆ ರೈಲಾ, ಟ್ರೇಯಾ, ಮ್ಯಾಗ್ನೆಟ್ಟಾ, ಫೋಮಾ: ಎರಡು ಮಳೆಗಾಲ ಇಟ್ಟು ನೋಡಿದ್ದು

ಎರಡು ವರ್ಷದ ಹಿಂದೆ, ಮೇ ತಿಂಗಳ ಕೊನೆ, ಅಡಿಕೆಗೆ ಮೊದಲನೆ ಮದ್ದು ಬಿಡುವ ದಿನ. ಬೆಳಿಗ್ಗೆ ಏಳಕ್ಕೆ ಮೈಲುತುತ್ತು ಸುಣ್ಣ ಎಲ್ಲ ಕಲಸಿ ಆಗಿತ್ತು, ಮದ್ದು ಬಿಡ್ಲಿಕ್ಕೆ ಬರುವ ಅಣ್ಣ ಚಾ ಕುಡಿದು ತೋಟಕ್ಕೆ ಇಳಿದಿದ್ರು, ಪಂಪ್ ಸ್ಟಾರ್ಟ್ ಮಾಡಿದ್ರೆ ಹೆಡ್ಡಿನ ಹತ್ತಿರ ಲೀಕು. ನಾಲ್ಕು ಬೋಲ್ಟ್ ಟೈಟ್ ಮಾಡಿದ್ರೆ ಮುಗೀತು, 13ರ ಸಾಕೆಟ್ ಬೇಕು ಅಷ್ಟೆ, ಅಂದ್ರೆ 13 ಮಿಲ್ಲಿಮೀಟರಿನ ಬೋಲ್ಟಿನ ತಲೆಗೆ ಸಿಕ್ಕಿಸಿ ತಿರುಗಿಸುವ ಕೊಳವೆಯ ಹಾಗಿನ ಪಾನಾ, ಅದೇ ಇಲ್ಲ. ಶೆಡ್ಡಿನ ಟ್ರಾಲಿಯ ಐದು ಡ್ರಾಯರನ್ನೂ ಎಳೆದು ಕೈ ಹಾಕಿ ಹುಡುಕಿದೆ, 12 ಸಿಗ್ತದೆ, 14 ಎರಡೆರಡು ಸಿಗ್ತದೆ, 13 ಇಲ್ಲ. ಮುಕ್ಕಾಲು ಗಂಟೆ ಆದ ಮೇಲೆ ನೋಡಿದ್ರೆ ಜೀಪಿನ ಸೀಟಿನಡಿ ಎಕ್ಸ್‌ಟೆನ್ಷನ್ ರಾಡಿನ ತುದಿಯಲ್ಲೇ ಕೂತಿತ್ತು. ಹನ್ನೊಂದಕ್ಕೆ ಮಳೆ ಸುರಿಯಿತು, ಅರ್ಧ ತೋಟ ಹಾಗೇ ಉಳಿಯಿತು, ಆ ತುತ್ತು ಸುಣ್ಣದ ಮದ್ದು, ಅಂದ್ರೆ ಬೋರ್ಡೋ ದ್ರಾವಣ, ಕಲಸಿದ ದಿನವೇ ಬಿಟ್ಟು ಮುಗಿಸ್ಬೇಕು ನಾಳೆಗೆ ಇಡ್ಲಿಕ್ಕಾಗುದಿಲ್ಲ, ಹಾಗಾಗಿ ಬ್ಯಾರೆಲ್‌ನಲ್ಲಿ ಉಳಿದದ್ದೂ ಹೋಯ್ತು.

ಆ ದಿನ ರಾತ್ರಿಯೇ ಸಾಕೆಟ್‌ಗಳಿಗೆ ಒಂದು ವ್ಯವಸ್ಥೆ ಮಾಡ್ಬೇಕು ಅಂತ ಕೂತೆ, ಆಮೇಲೆ ಎರಡು ಮಳೆಗಾಲದಲ್ಲಿ ಒಂದೊಂದಾಗಿ ಐದು ತರದ್ದನ್ನು ತಂದು, ಒಂದನ್ನು ಕೈಯಾರೆ ಮಾಡಿ ಇಟ್ಟು ನೋಡಿದೆ. ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಬದಿ, ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮೇಲೆ ಮಳೆ ಬೀಳುವ ಜಾಗ, ಅಮೆರಿಕದವರ ವೀಡಿಯೋ ನೋಡಿ ತಕೊಂಡ್ರೆ ಇಲ್ಲಿ ಸರಿ ಬರುದಿಲ್ಲ, ಅದಕ್ಕೆ ಇಷ್ಟು ಉದ್ದ ಬರೀತಾ ಇದ್ದೇನೆ.

ಮೊದಲು ನನ್ನ ಹತ್ತಿರ ಎಂತೆಲ್ಲ ಉಂಟು ಅಂತ ಹೇಳ್ತೇನೆ, ಇಲ್ಲದಿದ್ರೆ ಹೋಲಿಕೆಗೆ ಅರ್ಥ ಇಲ್ಲ. ಅರ್ಧ ಇಂಚು ಡ್ರೈವಿನ (ಡ್ರೈವ್ ಅಂದ್ರೆ ಹಿಡಿ ಸಿಕ್ಕಿಸುವ ಚೌಕ ತೂತಿನ ಅಳತೆ) ಸೆಟ್ ಒಂದು, 10ರಿಂದ 32ರವರೆಗೆ, ಟಪಾರಿಯಾದ್ದು. ಮೂರು ಎಂಟಂಶ ಇಂಚಿನದ್ದು, ಮರಗೆಲಸದ ಆಚಾರ್ರ ಲೆಕ್ಕದಲ್ಲಿ ಮೂರು ನೂಲು, ಅದು 8ರಿಂದ 19ರವರೆಗೆ, ದಿನಾ ಕೈಗೆ ಬರುದು ಇದೇ. ಹುಲ್ಲು ಕಡಿಯುವ ಮೆಷಿನ್ನಿಗೆ ಕಾಲಿಂಚಿನ ಸಣ್ಣ ಸೆಟ್. ಮತ್ತೆ ಅಪ್ಪ ತಂದ ಇಂಚಿನ ಸಾಕೆಟ್‌ಗಳು, ಹಳೆ ಜೀಪಿಗೆ. ಆ ಜೀಪಿನ ಬೋಲ್ಟಿಗೆಲ್ಲ ಇಂಚಿನ ಅಳತೆ, ಅರ್ಧ ಇಂಚು ಅಂದ್ರೆ 12.7 ಮಿಲ್ಲಿಮೀಟರ್, 13 ಹಾಕಿದ್ರೆ ಹೋಗ್ತದೆ ಆದ್ರೆ ಆಡ್ತದೆ, ತುಕ್ಕು ಹಿಡಿದ ಬೋಲ್ಟಾದ್ರೆ ತಲೆ ಉರುಟಾಗಿ ಬಿಡ್ತದೆ. 9/16 ಅಂದ್ರೆ 14.3, ಅದಕ್ಕೆ 14 ಕೂರುದೇ ಇಲ್ಲ. ಮುಕ್ಕಾಲು ಇಂಚಿಗೆ ಮಾತ್ರ 19 ಸರೀ ಕೂರ್ತದೆ. ಹಾಗಾಗಿ ಇಂಚು ಮತ್ತು ಎಮ್ಮೆಮ್ ಬೆರಕೆ ಆಗ್ಲೇಬಾರ್ದು, ನನಗೆ ಇದು ದೊಡ್ಡ ವಿಷಯ.

ಇನ್ನೊಂದು, ಎಂತದೇ ತಕೊಳ್ಳುವ ಮೊದಲು ಡ್ರಾಯರಿನ ಒಳಗಿನ ಎತ್ತರ ಅಳತೆ ಮಾಡಿ. ನನ್ನ ಟ್ರಾಲಿಯ ಮೇಲಿನ ಮೂರು ಡ್ರಾಯರ್ 52 ಮಿಲ್ಲಿಮೀಟರ್, ಕೆಳಗಿನ ಎರಡು 75. ಅರ್ಧ ಇಂಚಿನ ಮಾಮೂಲಿ ಸಾಕೆಟ್ ಸುಮಾರು 38 ಉದ್ದ ಇರ್ತದೆ, ನಿಲ್ಲಿಸಿ ಇಟ್ರೂ ಮೇಲಿನದ್ರಲ್ಲಿ ಹಿಡಿತದೆ. ಡೀಪ್ ಸಾಕೆಟ್, ಅಂದ್ರೆ ಉದ್ದದ್ದು, ನಂದು 77, ಎರಡು ಮಿಲ್ಲಿಮೀಟರಿಗೆ ಕೆಳಗಿನ ಡ್ರಾಯರಲ್ಲೂ ನಿಲ್ಲುದಿಲ್ಲ! ಹೀಗೆ ಅಳತೆ ಮಾಡದೆ ಒಂದು ಡೀಪ್ ಟ್ರೇ ತರಿಸಿ ಅದನ್ನು ಈಗ ಟ್ರಾಲಿಯ ತಲೆ ಮೇಲೆ ಇಡ್ಬೇಕಾಗಿ ಬಂದಿದೆ.

ಈಗ ಒಂದೊಂದಾಗಿ. ಸೆಟ್ಟಿನ ಜೊತೆ ಬಂದ ಪ್ಲಾಸ್ಟಿಕ್ ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳ್ಲಿಕ್ಕಿಲ್ಲ, ಯಾವುದು ಇಲ್ಲ ಅಂತ ಗೊತ್ತಾಗ್ತದೆ ಅದು ಒಳ್ಳೇದು, ಆದ್ರೆ ಡ್ರಾಯರಿಗೆ ಹೋಗುದಿಲ್ಲ, ವರ್ಷದೊಳಗೆ ಬಿಜಾಗ್ರಿ ಹತ್ತಿರ ಸೀಳಿತು.

ಸ್ಪ್ರಿಂಗ್ ಕ್ಲಿಪ್ಪಿನ ಕಬ್ಬಿಣದ ರೈಲು, ಇದು ಮಂಗಳೂರಿಂದ ತಂದದ್ದು, ಮೂರು ತುಂಡು. ಉದ್ದ ಪಟ್ಟಿ, ಅದ್ರಲ್ಲಿ ಕ್ಲಿಪ್ಪು ಜಾರ್ತದೆ, ಕ್ಲಿಪ್ಪಿಗೆ ಸಾಕೆಟಿನ ಚೌಕ ತೂತು ಒತ್ತಿದ್ರೆ ಕಚ್ಚಿಕೊಳ್ತದೆ. ತೋಟಕ್ಕೆ ಹೋಗುವಾಗ ಇಡೀ ರೈಲನ್ನು ಎತ್ತಿಕೊಂಡು ಹೋಗಬಹುದು, ಗೋಡೆಗೆ ಮೊಳೆ ಹೊಡೆದು ನೇತು ಹಾಕಬಹುದು, ಅಷ್ಟರ ಮಟ್ಟಿಗೆ ಭಾರಿ ಒಳ್ಳೇದು. ತೊಂದ್ರೆ ಎಲ್ಲಿ ಅಂದ್ರೆ, ಹೊಸತರಲ್ಲಿ ಕ್ಲಿಪ್ಪು ಎಷ್ಟು ಬಿಗಿ ಅಂದ್ರೆ ಗ್ರೀಸ್ ಕೈಯಲ್ಲಿ ಎಳೀಲಿಕ್ಕೆ ಬರುದಿಲ್ಲ, ಒಂದು ಕೈಯಲ್ಲಿ ರೈಲು ಹಿಡಿದು ಇನ್ನೊಂದು ಕೈಯಲ್ಲಿ ಸಾಕೆಟನ್ನು ಓರೆ ಮಾಡಿ ಎಳೀಬೇಕು, ಜೀಪಿನ ಅಡಿ ಮಲಗಿರುವಾಗ ಎರಡು ಕೈ ಎಲ್ಲಿಂದ ತರುದು? ಒಂದು ವರ್ಷ ಕಳೆದ ಮೇಲೆ ಅದೇ ಕ್ಲಿಪ್ಪು ಸಡಿಲ ಆಗಿ 24ರಿಂದ ಮೇಲಿನ ಭಾರದ ಸಾಕೆಟ್ ನೇತು ಹಾಕಿದಲ್ಲಿಂದ ಬೀಳ್ಲಿಕ್ಕೆ ಶುರು. ಮತ್ತೆ ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ರೈಲಿಗೇ ತುಕ್ಕು, ಕ್ಲಿಪ್ಪು ಜಾರುದು ನಿಂತಿತು.

ಅದರ ನಂತರ ತಿರುಗಿಸಿ ಲಾಕ್ ಮಾಡುವ ಅಲ್ಯುಮಿನಿಯಂ ರೈಲು ತರಿಸಿದೆ, ಆನ್‌ಲೈನಲ್ಲಿ, ರೇಟು ಡಬಲ್. ಸಾಕೆಟ್ ಇಟ್ಟು ಕಾಲು ಸುತ್ತು ತಿರುಗಿಸಿದ್ರೆ ಲಾಕ್, ಬುಡಮೇಲು ಮಾಡಿದ್ರೂ ಬೀಳುದಿಲ್ಲ, ತೆಗೆಯುವಾಗ ಹಿಂದೆ ತಿರುಗಿಸಿದ್ರೆ ಒಂದೇ ಕೈಯಲ್ಲಿ ಬರ್ತದೆ. ತುಕ್ಕಿನ ಪ್ರಶ್ನೆ ಇಲ್ಲ. ಇದು ನನಗೆ ನಿಜವಾಗಿ ಇಷ್ಟ ಆಯ್ತು. ಆದ್ರೆ ಡ್ರಾಯರಲ್ಲಿ ಇಡ್ಲಿಕ್ಕೆ ಇದೂ ಸರಿ ಇಲ್ಲ, ಯಾಕೆಂದ್ರೆ ರೈಲು ಅಡ್ಡ ಮಲಗ್ತದೆ, ಸಾಕೆಟಿನ ಮೇಲೆ ಕೊರೆದ ನಂಬರು ಕೆಲವಕ್ಕೆ ಮೇಲೆ ಬರ್ತದೆ ಕೆಲವಕ್ಕೆ ಅಡಿಗೆ ಹೋಗ್ತದೆ, ನಲುವತ್ತೈದು ದಾಟಿದ ಕಣ್ಣಿಗೆ ಟ್ಯೂಬ್‌ಲೈಟಿನ ಬೆಳಕಲ್ಲಿ 12 ಯಾವುದು 13 ಯಾವುದು ಅಂತ ಗೊತ್ತಾಗುದಿಲ್ಲ. ಇನ್ನೊಂದು ವಿಷಯ, ರೈಲಿನಿಂದ ಒಂದು ಸಾಕೆಟ್ ತೆಗೆದ ಮೇಲೆ ಪಕ್ಕದವುಗಳನ್ನು ಯಾರಾದ್ರೂ ಸರಿಸಿದ್ರೆ ಖಾಲಿ ಜಾಗ ಮುಚ್ಚಿ ಹೋಗ್ತದೆ, ಎಂತದು ಇಲ್ಲ ಅಂತ ಕಾಣುದೇ ಇಲ್ಲ. ನನಗೆ ಆ ಮೇ ತಿಂಗಳ ದಿನ ಬೇಕಾಗಿದ್ದದ್ದು ಅದೇ ಅಲ್ವಾ, ಹಿಂದಿನ ದಿನ ಸಂಜೆ ಶೆಡ್ ಬಾಗಿಲು ಹಾಕುವಾಗಲೇ 13 ಇಲ್ಲ ಅಂತ ಕಂಡಿದ್ರೆ ಆಗಲೇ ಹುಡುಕ್ತಿದ್ದೆ.

ಆ ಲೆಕ್ಕದಲ್ಲಿ ಗೆದ್ದದ್ದು ಗೂಟದ ಟ್ರೇ. ಪ್ಲಾಸ್ಟಿಕ್ ತಟ್ಟೆ, ಅದ್ರಲ್ಲಿ ಸಾಲಾಗಿ ಗೂಟ, ಗೂಟದ ಎದುರು ದೊಡ್ಡ ಅಕ್ಷರದಲ್ಲಿ 8, 10, 12 ಅಂತ ಬರೆದದ್ದು ಇರ್ತದೆ. ಸಾಕೆಟನ್ನು ಚೌಕ ತೂತು ಅಡಿ ಮಾಡಿ ಗೂಟಕ್ಕೆ ಸಿಕ್ಕಿಸಿ ನಿಲ್ಲಿಸುದು, ಬೋಲ್ಟ್ ಕೂರುವ ಬಾಯಿ ಮೇಲೆ, ನಂಬರು ನೋಡ್ಬೇಕಂತಲೇ ಇಲ್ಲ, ಬಾಯಿ ನೋಡಿ ಕೈ ಹೋಗ್ತದೆ. ಒಂದು ಇಲ್ಲದಿದ್ರೆ ಬೋಳು ಗೂಟ ಎದ್ದು ಕಾಣ್ತದೆ, ಹಲ್ಲು ಬಿದ್ದ ಬಾಯಿಯ ಹಾಗೆ. ಒಂದೇ ಬೆರಳಲ್ಲಿ ತೆಗೀಬಹುದು, ಇಡುದೂ ಅಷ್ಟೇ ಸುಲಭ, ಇಡ್ಲಿಕ್ಕೆ ಸುಲಭ ಇದ್ರೆ ಮಾತ್ರ ಜನ ವಾಪಸ್ ಇಡ್ತಾರೆ. ಮದ್ದು ಬಿಡುವ ಅಣ್ಣ ಈಗ ನನ್ನನ್ನು ಕೇಳುದೇ ಇಲ್ಲ, ಅವರೇ ತೆಗೀತಾರೆ, ಅವರೇ ಇಡ್ತಾರೆ.

ಟ್ರೇ ತಕೊಳ್ಳುವಾಗ ನಂಬರು ನೋಡಿ ತಕೊಳ್ಳಿ. ನಮ್ಮಲ್ಲಿ ಹೆಚ್ಚಾಗಿ ಬೇಕಾಗುದು ಜಪಾನಿನ ಲೆಕ್ಕದ್ದು, ಮಾರುತಿ, ಆ್ಯಕ್ಟಿವಾ ಎಲ್ಲ 8, 10, 12, 14, 17, 19. ಒಂದೇ 8 ಎಮ್ಮೆಮ್ಮಿನ ಬೋಲ್ಟಿಗೆ ಜಪಾನಿನದ್ದಾದ್ರೆ ತಲೆ 12, ಪಂಪು ಮೋಟಾರಿಗೆಲ್ಲ ಬರುವ ಮಾಮೂಲಿ ಬೋಲ್ಟಾದ್ರೆ 13. 10ರ ಬೋಲ್ಟಿಗೂ ಹಾಗೆ, ಒಂದ್ರಲ್ಲಿ 14, ಇನ್ನೊಂದ್ರಲ್ಲಿ 17, ಕೆಲವದ್ರಲ್ಲಿ 16. ಹಾಗಾಗಿ 12 ಮತ್ತು 13 ಎರಡೂ, 16 ಮತ್ತು 17 ಎರಡೂ ಇರುವ ಟ್ರೇಯೇ ಬೇಕು, ಕೆಲವು ಅಗ್ಗದ ಟ್ರೇಯಲ್ಲಿ 13ಕ್ಕೆ ಗೂಟವೇ ಇಲ್ಲ. ಇಂಚಿನದ್ದಕ್ಕೆ ಬೇರೆ ಬಣ್ಣದ ಟ್ರೇ ತಕೊಳ್ಳಿ. ನಾನು ಎಮ್ಮೆಮ್ಮಿಗೆ ಕಪ್ಪು, ಇಂಚಿಗೆ ಕೆಂಪು ಇಟ್ಟಿದ್ದೇನೆ, ಡ್ರೈವ್ ಒಂದೇ ಆದ ಕಾರಣ ಅದಲು ಬದಲಾಗಿ ಕೂತು ಬಿಡ್ತದೆ, ಅದಕ್ಕೆ ಇಂಚಿನ ಸಾಕೆಟಿನ ಕುತ್ತಿಗೆಗೂ ಒಂದು ಸುತ್ತು ಕೆಂಪು ನೈಲ್‌ಪಾಲಿಶ್ ಬಳಿದೆ, ಮಗಳದ್ದು ಕೇಳಿ ತಕೊಂಡದ್ದು, ಎರಡು ವರ್ಷ ಆಯ್ತು ಇನ್ನೂ ಹೋಗ್ಲಿಲ್ಲ.

ಟ್ರೇಯ ದೋಷ ಒಂದೇ, ಅದು ಕೂತಲ್ಲಿ ಕೂರುವ ವಸ್ತು. ತೋಟಕ್ಕೆ ಹಿಡ್ಕೊಂಡು ಹೋದ್ರೆ ಎಡವಿದ ಕಡೆ ಎಲ್ಲ ಚೆಲ್ಲಿ ಹೋಗ್ತದೆ. ಶೆಡ್ಡಿನ ನೆಲ ಸಾಪಾಟಿಲ್ಲದಿದ್ರೆ ಟ್ರಾಲಿ ದೂಡುವಾಗ್ಲೂ ಉದ್ದದವು ಮಗುಚ್ತವೆ.

ಮ್ಯಾಗ್ನೆಟ್ ಟ್ರೇ ನೋಡ್ಲಿಕ್ಕೆ ಚಂದ, ಸಾಕೆಟ್ ಇಟ್ಟ ಕೂಡಲೇ ಟಕ್ ಅಂತ ಹಿಡಿತದೆ, ಜೀಪಿನ ಬಾನೆಟ್ಟಿನ ಬದಿಗೆ ನೇರ ಅಂಟಿಸಬಹುದು. ಆದ್ರೆ ನನ್ನ ಶೆಡ್ಡಲ್ಲೇ ಗ್ರೈಂಡರ್ ಕೆಲಸವೂ ಆಗ್ತದೆ, ಕತ್ತಿ ಹರಿತ ಮಾಡುದು, ಗೇಟಿನ ವೆಲ್ಡಿಂಗು. ಒಂದು ತಿಂಗಳಲ್ಲಿ ಮ್ಯಾಗ್ನೆಟ್ಟಿಗೆ ಕಬ್ಬಿಣದ ಪುಡಿ ಗಡ್ಡ ಬಂದ ಹಾಗೆ ಹಿಡಿಯಿತು, ಸಾಕೆಟ್‌ಗೂ ಸ್ವಲ್ಪ ಕಾಂತ ಹತ್ತಿ ಅದರ ಬಾಯೊಳಗೂ ಪುಡಿ, ಅದೇ ಸಾಕೆಟನ್ನು ಇಂಜಿನ್ ಕವರ್ ಬಿಚ್ಚಲಿಕ್ಕೆ ಹಾಕುದು ಅಂದ್ರೆ ನನಗೆ ಧೈರ್ಯ ಬರುದಿಲ್ಲ. ಮಳೆಗಾಲದಲ್ಲಿ ಆ ಪುಡಿಯೇ ಮೊದಲು ತುಕ್ಕು ಹಿಡಿದು ಕ್ರೋಮಿನ ಮೇಲೆ ಕಂದು ಕಲೆ ಮಾಡ್ತದೆ. ಗ್ರೈಂಡಿಂಗ್ ಇಲ್ಲದ ಮನೆಯವರು ತಕೊಳ್ಳಬಹುದು, ಪುಡಿ ಹಾರುವ ಶೆಡ್ಡಿಗೆ ಬೇಡವೇ ಬೇಡ.

ಫೋಮಿನ ಮೇಲೆ ನನಗೆ ತುಂಬ ಆಸೆ ಇತ್ತು. ಎರಡು ಬಣ್ಣದ ದಪ್ಪ ಹಾಳೆ ತಂದು, ಒಂದು ಇಡೀ ಭಾನುವಾರ ಕೂತು ಸಾಕೆಟ್ ಇಟ್ಟು ಗೆರೆ ಎಳೆದು ಬ್ಲೇಡಿನಲ್ಲಿ ಕೊರೆದೆ, ಮುಗಿಸಿದ ಮೇಲೆ ಡ್ರಾಯರ್ ಎಳೆದ್ರೆ ಕಣ್ಣಿಗೆ ಹಬ್ಬ. ಜೂನ್ ಕಳೀತು, ಜುಲೈ ಕಳೀತು. ಆಗಸ್ಟಲ್ಲಿ 21ರ ಸಾಕೆಟ್ ಎತ್ತಿದಾಗ ಮೇಲಿನ ಬದಿ ಕನ್ನಡಿಯ ಹಾಗೆ ಹೊಳೀತಾ ಇದೆ, ಫೋಮಿಗೆ ತಾಗಿದ ಬದಿಯಲ್ಲಿ ಉದ್ದಕ್ಕೆ ಕೆಂಪು ಗೀಟು, ಬೆರಳಲ್ಲಿ ಉಜ್ಜಿದ್ರೆ ಕೈಗೆ ಹತ್ತುವ ತುಕ್ಕು, ಕೊರೆದ ಗುಳಿಯ ತಳದಲ್ಲಿ ಅದೇ ಆಕಾರದ ಅಚ್ಚು. ಫೋಮು ನೀರು ಹೀರುವ ಜಾತಿಯದ್ದಲ್ಲ, ಆದ್ರೆ ಬೆವರು ಕೈಯಲ್ಲಿ ಇಟ್ಟ ಸಾಕೆಟಿನ ಪಸೆ ಅಡಿಯಲ್ಲಿ ಸಿಕ್ಕಿ ಹಾಕಿಕೊಂಡ್ರೆ ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ, ಗಾಳಿ ಆಡುದಿಲ್ಲ. ಕ್ರೋಮು ಸವೆದ ಜಾಗ ಒಂದು ಚೂರು ಇದ್ರೆ ಸಾಕು ಅಲ್ಲಿಂದ ಶುರು. ಗೂಟದ ಟ್ರೇಯಲ್ಲಿ ನಿಂತ ಸಾಕೆಟಿಗೆ ಸುತ್ತಲೂ ಗಾಳಿ, ಅದೇ ಡ್ರಾಯರು, ಅದೇ ಮಳೆ, ಅಂತ ತುಕ್ಕು ಬರ್ಲಿಲ್ಲ.

ಮದ್ದಿನ ದಿನಗಳಲ್ಲಿ ಇನ್ನೂ ಜಾಗ್ರತೆ ಬೇಕು. ಬೋರ್ಡೋಗೆ ಸುಣ್ಣ ಸಾಲದೇ ಇದ್ರೆ ಕತ್ತಿ ಅದ್ದಿ ನೋಡುವಾಗ ಕೆಂಪು ಹಿಡಿತದಲ್ಲ, ಅದು ತಾಮ್ರ ಕಬ್ಬಿಣದ ಮೇಲೆ ಕೂರುದು, ಬರೀ ತುತ್ತು ಮುಟ್ಟಿದ ಕೈಯಲ್ಲಿ ಸಾಕೆಟ್ ಹಿಡಿದ್ರೂ ಅದೇ ಕತೆ, ಕಬ್ಬಿಣವನ್ನು ತಿಂತದೆ. ಪ್ಲಾಸ್ಟಿಕ್ ಟ್ರೇ ಆದ್ರೆ ಸಾಕೆಟ್ ತೆಗೆದು ಪೈಪಿನ ಅಡಿ ತೊಳೆದು ಬಿಸಿಲಿಗೆ ಇಟ್ರೆ ಆಯ್ತು, ಫೋಮಲ್ಲಿ ಅದು ಒಳಗೇ ಕೂರ್ತದೆ. ಸಾಕೆಟಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಬಟ್ಟೆಯಲ್ಲಿ ತೆಳ್ಳಗೆ ಒರೆಸಿ ಇಡಿ, ತೆಂಗಿನೆಣ್ಣೆ ಮನೇಲಿ ಉಂಟು ಅಂತ ಹಾಕ್ಬೇಡಿ, ಅದು ಸಮಯ ಕಳೆದಂತೆ ಅಂಟಂಟಾಗಿ ಧೂಳು ಹಿಡಿತದೆ.

ಕಡೆಯದ್ದು ದುಡ್ಡು ಕೊಟ್ಟು ತಂದದ್ದಲ್ಲ, ಮಾಡಿದ್ದು. ಮೊದಲು ಹಲಸಿನ ಹಲಗೆಗೆ ತೂತು ಕೊರೆದು ಸಾಕೆಟ್ ಇಳಿಸಿ ಇಟ್ಟೆ, ಅದು ಫೋಮಿನ ಹಾಗೇ ಆಯ್ತು, ತೂತಿನ ಒಳಗೆ ಪಸೆ. ಆಮೇಲೆ ತಿರುಗಾಮುರುಗ ಯೋಚನೆ ಮಾಡಿ ಹಲಗೆಯ ಮೇಲೆ ಗೂಟ ನಿಲ್ಲಿಸಿದೆ. ಗೂಟಕ್ಕೆ ಅಡಿಕೆ ಮರ ಸೀಳಿದ ಹಳೆ ಸಲಾಕೆ, ಮಾಡಿನಿಂದ ತೆಗೆದದ್ದು, ಹತ್ತಿಪ್ಪತ್ತು ವರ್ಷ ಒಣಗಿ ಕಪ್ಪಾಗಿ ಕಬ್ಬಿಣದ ಹಾಗೆ ಗಟ್ಟಿ. ಅರ್ಧ ಇಂಚಿನ ಚೌಕ ತೂತು 12.7, ಅದಕ್ಕೆ ಸಲಾಕೆಯನ್ನು 12ಕ್ಕೆ ಕೆತ್ತಿ, ತಲೆಯ ನಾಲ್ಕು ಮೂಲೆ ಸ್ವಲ್ಪ ಉಜ್ಜಿದ್ರೆ ಸಾಕೆಟ್ ಸಲೀಸಾಗಿ ಕೂರ್ತದೆ, ಹೆಚ್ಚು ಅಲ್ಲಾಡುದಿಲ್ಲ. ಮೂರು ನೂಲಿನದ್ದಕ್ಕೆ 9. ದೊಡ್ಡ 24ರ ಪಕ್ಕಕ್ಕೂ ಬೆರಳು ಹೋಗುವಷ್ಟು ದೂರ ದೂರ ಗೂಟ ಇಡ್ಬೇಕು. ಕೆತ್ತುವಾಗ ಸಲಾಕೆಯ ಸಿಬಿರು ಕೈಗೆ ಹೊಗುತ್ತದೆ, ದಪ್ಪ ಗ್ಲೌಸ್ ಹಾಕಿ, ಇದು ಸುಮ್ಮನೆ ಹೇಳುದಲ್ಲ. ಇದರ ದೊಡ್ಡ ಲಾಭ ಎಂತದಂದ್ರೆ ನನಗೆ ಬೇಕಾದ ಸೈಜು ಬೇಕಾದ ಕ್ರಮದಲ್ಲಿ ಇಡ್ಲಿಕ್ಕೆ ಆಗ್ತದೆ, 10ಕ್ಕೆ ಮೂರು ಗೂಟ ಇಟ್ಟಿದ್ದೇನೆ, ಯಾಕೆಂದ್ರೆ 10 ಯಾವಾಗ್ಲೂ ಹೆಚ್ಚಿಗೆ ಬೇಕು.

ಈಗ ಟ್ರಾಲಿಯಲ್ಲಿ ಹೀಗೆ ಉಂಟು. ಮೇಲಿನ ಡ್ರಾಯರಲ್ಲಿ ಮೂರು ನೂಲಿನದ್ದು, ಸಲಾಕೆ ಗೂಟದ ಹಲಗೆ. ಎರಡನೆಯದ್ರಲ್ಲಿ ಅರ್ಧ ಇಂಚಿನ ಕಪ್ಪು ಟ್ರೇ, ಅದರ ಬಲಕ್ಕೆ ಕೆಂಪು. ಅಲ್ಯುಮಿನಿಯಂ ರೈಲಲ್ಲಿ 8, 10, 12, 13, 14, 17 ಅಷ್ಟೇ ಹಾಕಿ ಟ್ರಾಲಿಯ ಬದಿಗೆ ನೇತು ಹಾಕಿದ್ದೇನೆ, ಅದು ತೋಟಕ್ಕೆ, ಪಂಪಿನ ಜೊತೆಗೇ ಹೋಗಿ ಜೊತೆಗೇ ಬರ್ತದೆ, ಇದಕ್ಕಾಗಿ ಆ ಆರು ಸೈಜನ್ನು ಬಿಡಿಯಾಗಿ ಇನ್ನೊಂದು ಸಲ ತಕೊಂಡೆ, ದುಡ್ಡು ಹೋದದ್ದಕ್ಕೆ ಬೇಜಾರಿಲ್ಲ. ಒಂದೇ ಒಂದು ತಕೊಳ್ಳುದಾದ್ರೆ ಯಾವುದು ಅಂತ ಕೇಳಿದ್ರೆ, ಶೆಡ್ಡಲ್ಲೇ ಕೆಲಸ ಮಾಡುವವರು ಗೂಟದ ಟ್ರೇ, ಸಾಕೆಟ್ ಹಿಡ್ಕೊಂಡು ತಿರುಗುವವರು ತಿರುಗಿಸುವ ರೈಲು. ಸ್ಪ್ರಿಂಗ್ ಕ್ಲಿಪ್ಪಿನದ್ದು ಅಗ್ಗ ಅಂತ ತಕೊಳ್ಬೇಡಿ.

ಡೀಪ್ ಸಾಕೆಟಿಗೆ ಮಾತ್ರ ಸರಿಯಾದ ಜಾಗ ಇನ್ನೂ ಆಗ್ಲಿಲ್ಲ. ಈ ಮಳೆಗಾಲ ಮುಗಿದ ಮೇಲೆ ಕೆಳಗಿನ ಡ್ರಾಯರಿಗೆ ಗೂಟವನ್ನು ಓರೆಯಾಗಿ ನಿಲ್ಲಿಸಿದ ಒಂದು ಹಲಗೆ ಮಾಡುವ ಅಂತ ಇದ್ದೇನೆ, ಸಾಕಷ್ಟು ವಾಲಿಸಿದ್ರೆ 75ರೊಳಗೆ ಹಿಡಿಯಬೇಕು, ಸಲಾಕೆ ತುಂಡು ಮಾಡಿ ಅಟ್ಟದಲ್ಲಿ ಒಣಗ್ಲಿಕ್ಕೆ ಹಾಕಿ ಆಗಿದೆ.