ಟ್ರೈಪಾಡಾ, ಕೈಯಲ್ಲಿ ಹಿಡಿದ ಕ್ಯಾಮೆರಾನಾ?

ಕೋಲಾರ ಕಡೆ ಕಿರುಚಿತ್ರ ಮಾಡುವವರ ಕಣ್ಣು ಮೊದಲು ಕೆಜಿಎಫ್ ಮೇಲೆ ಬೀಳುತ್ತದೆ. ಗಣಿ ಮುಚ್ಚಿದ್ದು 2001ರಲ್ಲಿ. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬಗಳು ಹಾಗೇ ನಿಂತಿವೆ. ಕೆಲಸ ಕಳೆದುಕೊಂಡ ಅಪ್ಪ ದಿಬ್ಬದ ಪಕ್ಕದ ದಾರಿಯಲ್ಲಿ ಮನೆಗೆ ನಡೆದು ಹೋಗುತ್ತಿದ್ದಾನೆ ಅಂದುಕೊಳ್ಳಿ. ಇದನ್ನು ಹೇಗೆ ತೆಗೆಯೋದು?

ಟ್ರೈಪಾಡ್ ಆದರೆ ಅಗಲವಾದ ನೋಟ ಕೊಡುವ 24 ಎಂಎಂ ಲೆನ್ಸ್ ಹಾಕಿ ದೂರ ನಿಲ್ಲಿ. ಫ್ರೇಮಿನ ಮುಕ್ಕಾಲು ಭಾಗ ದಿಬ್ಬ, ಮೂಲೆಯಲ್ಲಿ ಅಪ್ಪ. ಅವನು ಫ್ರೇಮ್ ದಾಟಿದ ಮೇಲೂ ನಾಲ್ಕೈದು ಸೆಕೆಂಡ್ ಕಟ್ ಮಾಡಬೇಡಿ. ಒಂಟಿತನವನ್ನು ಆ ಖಾಲಿ ಜಾಗವೇ ಹೇಳುತ್ತದೆ. ಸಂಗೀತ ಬೇಡ. ಚಪ್ಪಲಿ ಸದ್ದನ್ನು ಮಾತ್ರ ಹತ್ತಿರದಿಂದ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಮನುಷ್ಯ ದೂರ, ಸದ್ದು ಕಿವಿಯ ಪಕ್ಕ. ಇದು ನೇರ ಎದೆಗೆ ತಟ್ಟುತ್ತದೆ.

ಕೈಯಲ್ಲಿ ಹಿಡಿದರೆ ಕ್ಯಾಮೆರಾ ಅವನ ಬೆನ್ನಿಗೇ ಅಂಟಿಕೊಳ್ಳುತ್ತದೆ. ಚಿತ್ರ ಅಲುಗಾಡುತ್ತದೆ, ಗಾಬರಿ ಜಾಸ್ತಿಯಾಗುತ್ತದೆ. ಆದರೆ ದಿಬ್ಬ ಸರಿಯಾಗಿ ಕಾಣೋದೇ ಇಲ್ಲ. ಅಷ್ಟು ದೂರ ಹೋಗಿ ಅದನ್ನೇ ಬಿಟ್ಟರೆ ಹೇಗೆ, ಅಲ್ವಾ?

ಬೆಳಕಿನ ವಿಷಯಕ್ಕೆ ಬಂದರೆ, ನಡುಮಧ್ಯಾಹ್ನದ ಬಿಸಿಲು ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳಿಸುತ್ತದೆ. ಸಿಟ್ಟಿಗೆ ಅದು ಸರಿ. ದುಃಖಕ್ಕೆ ಸೂರ್ಯ ಮುಳುಗಿದ ಮೇಲಿನ ನೀಲಿ ಬೆಳಕೇ ಬೇಕು. ಆಗ ವೈಟ್ ಬ್ಯಾಲೆನ್ಸನ್ನು, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣ ಸರಿಹೊಂದಿಸುವ ಸೆಟ್ಟಿಂಗನ್ನು, ಆಟೋದಲ್ಲಿ ಬಿಡಬೇಡಿ, ಹಗಲು ಬೆಳಕಿನ ಅಳತೆಯಾದ 5600 ಕೆಲ್ವಿನ್‌ಗೆ ಇಡಿ. ಇಲ್ಲದಿದ್ದರೆ ಕ್ಯಾಮೆರಾ ಆ ನೀಲಿಯನ್ನು ಸುಮ್ನೆ ಅಳಿಸಿಬಿಡುತ್ತದೆ.

ನಾನಾದರೆ ಇಲ್ಲಿ ಟ್ರೈಪಾಡ್, ಸಂಜೆ ಹೊತ್ತು ಅಂತಲೇ ಹೇಳುತ್ತೇನೆ. ಮುಂದೆ ಮನೆಯೊಳಗಿನ ಜಗಳ ಬಂದಾಗ ಕ್ಯಾಮೆರಾ ಕೈಗೆ ತೆಗೆದುಕೊಳ್ಳಿ. ಶೂಟಿಂಗ್‌ಗೆ ಮೊದಲೇ ಅನುಮತಿ ಕೇಳಿ, ದಿಬ್ಬ ಮಾತ್ರ ಹತ್ತಬೇಡಿ.