ಎಲ್ ಶದ್ದಾಯ್ ಎಂಬ ಹೆಸರು ಮತ್ತು ನಾನು ಬಳಸುತ್ತಿರುವ ಹೀಬ್ರೂ ಅಧ್ಯಯನದ ಆ್ಯಪ್

ಹೀಬ್ರೂ ಮೂಲಪಾಠ, ಪದಕೋಶ ಮತ್ತು ಟಿಪ್ಪಣಿಗಳಿರುವ ಸತ್ಯವೇದ (ಬೈಬಲ್) ಅಧ್ಯಯನದ ಆ್ಯಪ್ ಒಂದನ್ನು ಕೆಲವು ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ. ಅದರಲ್ಲಿ ಎಷ್ಟು ಭಾಷಾಂತರಗಳಿವೆ, ಫೋನಿನಲ್ಲಿ ಎಷ್ಟು ಜಾಗ ಬೇಕು ಎಂಬುದು ಇಂಥ ಆ್ಯಪ್‌ಗಳನ್ನು ನೋಡಿದವರಿಗೆ ತಿಳಿದೇ ಇರುತ್ತದೆ. ದೇವರ ಒಂದೇ ಹೆಸರನ್ನು ಬೆನ್ನುಹತ್ತಿದಾಗ ಅದರ ಗುಣವೂ ದೋಷವೂ ನನಗೆ ಚೆನ್ನಾಗಿ ಕಂಡದ್ದರಿಂದ, ಆ ಹೆಸರಿನ ಮೂಲಕವೇ ಈ ವಿಮರ್ಶೆ ಬರೆಯುತ್ತಿದ್ದೇನೆ. ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ 17ನೇ ಅಧ್ಯಾಯದಲ್ಲಿ 99 ವರ್ಷದ ಅಬ್ರಾಮನಿಗೆ ದೇವರು ತಮ್ಮನ್ನು ಎಲ್ ಶದ್ದಾಯ್ ಎಂದು ಪರಿಚಯಿಸಿಕೊಳ್ಳುತ್ತಾರೆ. ನಮ್ಮ ಸತ್ಯವೇದದಲ್ಲಿ ಅದು ‘ಸರ್ವಶಕ್ತನಾದ ದೇವರು’.

ನಸುಕಿನಲ್ಲಿ ಮನೆಯವರು ಏಳುವ ಮುನ್ನ ಮುದ್ರಿತ ಸತ್ಯವೇದವನ್ನು ಮೇಜಿನ ಮೇಲೆ ತೆರೆದಿಟ್ಟು, ಫೋನನ್ನು ನೀರಿನ ತಂಬಿಗೆಗೆ ಒರಗಿಸಿ, ಆ ದಿನದ ಪದವನ್ನು ಗೆರೆಯಿಲ್ಲದ ಪುಸ್ತಕದಲ್ಲಿ ಪೆನ್ಸಿಲಿನಿಂದ ಬಲದಿಂದ ಎಡಕ್ಕೆ ಬರೆಯುವುದು ನನ್ನ ರೂಢಿ. ಶದ್ದಾಯ್ ಎಂಬುದರಲ್ಲಿರುವುದು ಶೀನ್, ದಾಲೆತ್, ಯೋದ್ ಎಂಬ ಮೂರೇ ಅಕ್ಷರ. ಶೀನ್‌ನ ಬಲತುದಿಯ ಮೇಲೆ ಚುಕ್ಕೆಯಿದ್ದರೆ ಶಕಾರ, ಎಡತುದಿಯ ಮೇಲಿದ್ದರೆ ಸಕಾರ. ದಾಲೆತ್‌ನ ಒಳಗಿನ ಚುಕ್ಕೆ ದಕಾರಕ್ಕೆ ಒತ್ತು ಕೊಡುತ್ತದೆ. ಅಕ್ಷರವನ್ನು ಹಿಗ್ಗಿಸಿದಷ್ಟೂ ಈ ಚುಕ್ಕೆಗಳು ಒಡೆಯದೆ, ಮಸುಕಾಗದೆ ಕಾಣುತ್ತವೆ. ಕನ್ನಡಕ ಹಾಕಿದರೂ ಸಣ್ಣ ಅಚ್ಚು ಓದಲಾಗದ ನನಗೆ ಇದು ದೊಡ್ಡ ಉಪಕಾರ. ಯೆಹೂದ್ಯರು ಬಾಗಿಲಿನ ಚೌಕಟ್ಟಿಗೆ ಜಡಿಯುವ, ವೇದವಾಕ್ಯದ ಸುರುಳಿಯಿರುವ ಮೆಜೂಜಾ ಎಂಬ ಪುಟ್ಟ ಪೆಟ್ಟಿಗೆಯ ಮೇಲೆ ಶೀನ್ ಅಕ್ಷರ ಬರೆದಿರುವುದೂ ಇದೇ ಹೆಸರಿನ ಗುರುತಾಗಿ.

ಪದವನ್ನು ಒತ್ತಿ ಹಿಡಿದರೆ ಅದು ಬಂದಿರುವ ಸ್ಥಳಗಳೆಲ್ಲ ಒಂದೇ ಪಟ್ಟಿಯಾಗಿ ತೆರೆದುಕೊಳ್ಳುತ್ತವೆ, ಮತ್ತು ಈ ಆ್ಯಪ್ ನನಗೆ ಕೊಟ್ಟಿರುವ ಅತಿದೊಡ್ಡ ಸಂತೋಷ ಅದೇ. ಶದ್ದಾಯ್ ಒಟ್ಟು 48 ಬಾರಿ ಬರುತ್ತದೆ, ಅದರಲ್ಲಿ 31 ಯೋಬನ ಪುಸ್ತಕವೊಂದರಲ್ಲೇ. ಆದಿಕಾಂಡದ 17, 28, 35, 48ನೇ ಅಧ್ಯಾಯಗಳಲ್ಲಿ ಈ ಹೆಸರಿನ ಜೊತೆಗೇ ಸಂತಾನ ವೃದ್ಧಿಯ ಮಾತಿದೆ. 43ರಲ್ಲಿ ಮುದುಕನಾದ ಯಾಕೋಬನು ಬೆನ್ಯಾಮೀನನನ್ನು ಐಗುಪ್ತಕ್ಕೆ ಕಳುಹಿಸುವಾಗ, ಮಗನನ್ನು ಕಳೆದುಕೊಳ್ಳುವ ಭಯದಲ್ಲಿ, ಕರುಣೆಗಾಗಿ ನೆನೆಯುವುದೂ ಇದೇ ಹೆಸರನ್ನು. ಪಟ್ಟಿಯನ್ನು ಕೆಳಗೆ ಸರಿಸಿದರೆ ರೂತಳ ಪುಸ್ತಕದಲ್ಲಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಮಣ್ಣುಮಾಡಿ ಬಂದ ನೊವೊಮಿ, ತನ್ನ ಬಾಳನ್ನು ಕಹಿ ಮಾಡಿದವನು ಶದ್ದಾಯ್ ಎಂದು ಬೇತ್ಲೆಹೇಮಿನ ಹೆಂಗಸರ ಮುಂದೆ ಗೋಳಾಡುತ್ತಾಳೆ. ಹತ್ತು ಮಕ್ಕಳನ್ನು ಕಳೆದುಕೊಂಡ ಯೋಬನ ಬಾಯಲ್ಲೂ ಮತ್ತೆ ಮತ್ತೆ ಅದೇ ಹೆಸರು. ಮಕ್ಕಳನ್ನು ಕೊಡುವೆನೆಂದ ಹೆಸರನ್ನೇ ಮಕ್ಕಳನ್ನು ಕಳೆದುಕೊಂಡವರು ಹಿಡಿದು ನ್ಯಾಯ ಕೇಳುತ್ತಿದ್ದಾರೆ ಎಂಬುದು, ಅಧ್ಯಾಯಗಳನ್ನು ಬಿಡಿಬಿಡಿಯಾಗಿ ಓದುವಾಗ ಹೊಳೆಯುವುದಿಲ್ಲ.

ಹಣ ಕೊಟ್ಟು ತೆರೆಯಬೇಕಾದ ಟಿಪ್ಪಣಿಗಳ ವಿಷಯದಲ್ಲಿ ಮಾತ್ರ ನನ್ನ ಅಸಮಾಧಾನ ದಿನದಿಂದ ದಿನಕ್ಕೆ ಹೆಚ್ಚಿದೆ. ‘ಶದ್’ ಎಂದರೆ ಸ್ತನ, ಆದ್ದರಿಂದ ಎಲ್ ಶದ್ದಾಯ್ ಎಂದರೆ ಹಾಲೂಡಿಸುವ ದೇವರು ಎಂದು ಟಿಪ್ಪಣಿ ಖಚಿತವಾಗಿ ಸಾರುತ್ತದೆ. ಅದೇ ಪುಟದ ಮೇಲ್ಭಾಗದಲ್ಲಿ, 1890ರ ಸ್ಟ್ರಾಂಗ್ ಪದಕೋಶವು ಈ ಹೆಸರನ್ನು ನಾಶಮಾಡು ಎಂಬರ್ಥದ ‘ಶಾದದ್’ ಧಾತುವಿನಿಂದ ಹುಟ್ಟಿಸುತ್ತದೆ. ಎರಡಕ್ಕೂ ವೇದವಾಕ್ಯದಲ್ಲಿ ಆಸರೆಯಿದೆ: ಆದಿಕಾಂಡ 49ರ ಆಶೀರ್ವಾದದಲ್ಲಿ ಶದ್ದಾಯ್ ಮತ್ತು ಸ್ತನ ಎಂಬ ಪದಗಳು ಒಂದೇ ವಚನದಲ್ಲಿ ಸೇರುತ್ತವೆ, ಯೆಶಾಯ 13:6 ಮತ್ತು ಯೋವೇಲ 1:15ರಲ್ಲಿ ಶದ್ದಾಯ್‌ನಿಂದ ‘ಶೋದ್’, ಅಂದರೆ ನಾಶ, ಬರುತ್ತದೆ. ಆದರೆ ಇವು ಪ್ರವಾದಿಗಳೂ ಕವಿಗಳೂ ನಾದವನ್ನು ಹಿಡಿದು ಕಟ್ಟಿದ ಮಾತುಗಳು. ಹೆಸರು ಎಲ್ಲಿಂದ ಹುಟ್ಟಿತೆಂಬುದಕ್ಕೆ ಅವಷ್ಟೇ ಸಾಕ್ಷಿಯಾಗಲಾರವು. ಪ್ರಾಚೀನ ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯಲ್ಲಿ ಬೆಟ್ಟ ಎಂಬರ್ಥದ ಪದ ‘ಶದೂ’ ಇದರ ಮೂಲವಿರಬಹುದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಯೆಹೂದ್ಯ ರಬ್ಬಿಗಳು ‘ಸಾಕು ಎಂದವನು’ ಎಂದು ಬಿಡಿಸಿದರು. ರೂತಳ ಪುಸ್ತಕದ ಪ್ರಾಚೀನ ಗ್ರೀಕ್ ಭಾಷಾಂತರದಲ್ಲಿರುವ ‘ಹಿಕಾನೋಸ್’ ಎಂಬ ಪದದಲ್ಲೂ ಸಾಕಾಗುವವನು ಎಂಬ ಅರ್ಥವೇ ಇದೆ. ಸರ್ವಶಕ್ತ ಎಂಬ ಅರ್ಥಕ್ಕೆ ಯೋಬನ ಗ್ರೀಕ್ ಪಾಠದ ‘ಪಾಂಟೊಕ್ರಾತೋರ್’, ಲ್ಯಾಟಿನ್ನಿನ ‘ಓಮ್ನಿಪೋಟೆನ್ಸ್’ ಬಲ ಕೊಟ್ಟವು.

ಇದ್ಯಾವುದೂ ಟಿಪ್ಪಣಿಯಲ್ಲಿಲ್ಲ. 1967ರಲ್ಲಿ ಜೋರ್ಡಾನಿನ ದೇರ್ ಅಲ್ಲಾ ಎಂಬಲ್ಲಿ ಸಿಕ್ಕ ಗಾರೆಯ ಮೇಲಿನ ಬರಹದ ಸುಳಿವೂ ಇಲ್ಲ. ಇಸ್ರಾಯೇಲ್ಯನಲ್ಲದ ದರ್ಶಿ, ಬೆಯೋರನ ಮಗನಾದ ಬಿಳಾಮನ ಹೆಸರಿರುವ ಆ ಬರಹದಲ್ಲಿ ‘ಶದ್ದಾಯೀನ್’ ಎಂಬ ದೈವಗಳು ಸಭೆ ಸೇರುತ್ತವೆ. ಅರಣ್ಯಕಾಂಡ 24ರಲ್ಲಿ ಅದೇ ಬಿಳಾಮನು ಶದ್ದಾಯ್‌ಯ ದರ್ಶನ ಕಂಡೆನೆನ್ನುತ್ತಾನೆ. ಇಸ್ರಾಯೇಲಿನ ಗಡಿಯಾಚೆಗೂ ಈ ಹೆಸರಿನ ನಂಟು ಹಬ್ಬಿತ್ತೆಂದು ತೋರಿಸುವ ಇಂಥ ಪುರಾವೆಯನ್ನು ಬಿಟ್ಟು, ಒಂದು ಅರ್ಥವನ್ನೇ ಸತ್ಯವೆಂದು ಚಂದಾದಾರರ ಕೈಗಿಡುವುದು ಅಧ್ಯಯನವೆನಿಸುವುದಿಲ್ಲ. ಅದೇ ಟಿಪ್ಪಣಿಯನ್ನು ಭಾನುವಾರ ಪ್ರಸಂಗಪೀಠದಿಂದ ಓದುವವರಿರುವುದರಿಂದ ನನಗೆ ನಿಜಕ್ಕೂ ಬೇಸರವಾಗುತ್ತದೆ. ತಿದ್ದುಪಡಿ ಕೋರಿ ಬರೆದ ಪತ್ರಕ್ಕೆ ಧನ್ಯವಾದದ ಉತ್ತರ ಬಂತು, ಟಿಪ್ಪಣಿ ಮಾತ್ರ ಹಾಗೆಯೇ ಉಳಿದಿದೆ.

ಇನ್ನೊಂದು ಕೊರತೆ ತಟ್ಟುವುದು ಕನ್ನಡಿಗರಿಗೇ. ಹೀಬ್ರೂ ಪದಗಳಿಗೆ ಪದಕೋಶ ಕೊಟ್ಟಿರುವ ಸಂಖ್ಯೆಗಳನ್ನು ಇಂಗ್ಲಿಷ್ ಪಾಠಕ್ಕೆ ಮಾತ್ರ ಜೋಡಿಸಿರುವುದರಿಂದ, ಕನ್ನಡದ ‘ಸರ್ವಶಕ್ತ’ವನ್ನು ಒತ್ತಿದರೆ ಏನೂ ತೆರೆಯುವುದಿಲ್ಲ. ಇಂಗ್ಲಿಷ್ ಬಾರದ ಹಿರಿಯರಿಗೆ ಇದನ್ನು ಹೇಗೆ ಶಿಫಾರಸು ಮಾಡಲಿ?

ಶಾಲಾ ಶಿಕ್ಷಕನ ಸಂಬಳದಲ್ಲಿ ವಾರ್ಷಿಕ ಚಂದಾ ಹಗುರವಲ್ಲ. ಮೂಲಪಾಠ, ಪದಗಳ ಪಟ್ಟಿ, ಹಿಗ್ಗಿಸುವ ಅಕ್ಷರ ಇವೆಲ್ಲ ಉಚಿತ ಭಾಗದಲ್ಲೇ ದೊರೆಯುತ್ತವೆ, ಅವಕ್ಕೆ ಸಾಟಿಯಿಲ್ಲ. ಆದ್ದರಿಂದ ಈ ಸಲ ಚಂದಾ ನವೀಕರಿಸುವುದಿಲ್ಲ, ಆ್ಯಪನ್ನು ಫೋನಿನಿಂದ ತೆಗೆಯುವುದೂ ಇಲ್ಲ. ಹೊಸದಾಗಿ ಕೊಳ್ಳುವವರು ಮೊದಲು ಉಚಿತ ಭಾಗದಲ್ಲೇ ಯೋಬನ ಆ 31 ವಚನಗಳನ್ನು ಓದಿ ಮುಗಿಸಿ, ಆಮೇಲೆ ಟಿಪ್ಪಣಿಗೆ ಹಣ ಕೊಡಬೇಕೇ ಎಂದು ತೀರ್ಮಾನಿಸಲಿ.